ಸೆರೆಯಾಳಿನ ದಾನ

ದಾನವೆಂದರೆ ತನ್ನದನ್ನು ತಾನಾಗಿ ಕೊಡುವುದು. ಸೆರೆಯಾಳಿಗೆ ತನ್ನದೆಂದು ಉಳಿದಿರುವುದು ದೇಹವೊಂದೇ. ಅದನ್ನಾದರೂ ಅವನು ತಾನಾಗಿ ಕೊಡಬಲ್ಲನೇ ಎಂಬ ಪ್ರಶ್ನೆ ಹೊರದೇಶದಲ್ಲಿ ಶಾಸನಸಭೆಯವರೆಗೂ ಹೋಗಿದೆ.

ಅಮೆರಿಕದ ಮಿಸಿಸಿಪಿ ಸಂಸ್ಥಾನದ ಜೇಮಿ ಮತ್ತು ಗ್ಲಾಡಿಸ್ ಸ್ಕಾಟ್ ಎಂಬ ಒಡಹುಟ್ಟಿದವರ ಸಂಗತಿಯನ್ನು ನೋಡಿರಿ. 1993ರಲ್ಲಿ ನಡೆದ ಒಂದು ದರೋಡೆಗಾಗಿ ಈ ಇಬ್ಬರು ಹೆಂಗಸರಿಗೂ ಜೀವಾವಧಿ ಶಿಕ್ಷೆಯಾಯಿತು. ದೋಚಿದ ಹಣ 11 ಡಾಲರುಗಳಷ್ಟೇ ಎಂದು ಪತ್ರಿಕೆಗಳು ಬರೆದವು. ಸೆರೆಮನೆಯಲ್ಲಿ ಜೇಮಿಯ ಮೂತ್ರಪಿಂಡಗಳು ಕೆಟ್ಟವು. 2010ರ ಡಿಸೆಂಬರಿನಲ್ಲಿ ಗವರ್ನರ್ ಹೇಲಿ ಬಾರ್ಬರ್ ಅವರು ಇಬ್ಬರನ್ನೂ ಬಿಡಲು ಒಪ್ಪಿದರು. ಆದರೆ ಗ್ಲಾಡಿಸಳ ಬಿಡುಗಡೆಗೆ ಒಂದು ಕರಾರು: ಅವಳು ತನ್ನ ಮೂತ್ರಪಿಂಡವೊಂದನ್ನು ಜೇಮಿಗೆ ಕೊಡಬೇಕು. ಜೇಮಿಯ ಚಿಕಿತ್ಸೆಯ ವೆಚ್ಚ ಸರ್ಕಾರಕ್ಕೆ ಭಾರವಾಗಿದೆಯೆಂಬ ಮಾತೂ ಅವರ ಹೇಳಿಕೆಯಲ್ಲಿತ್ತು! ಗ್ಲಾಡಿಸ್ ಕೊಡಲು ಮೊದಲೇ ಸಿದ್ಧಳಾಗಿದ್ದಳು. ಹಾಗಿದ್ದ ಮೇಲೆ ಕರಾರೇಕೆ? ಪ್ರೀತಿಯಿಂದ ಕೊಡಹೊರಟುದನ್ನು ಬಿಡುಗಡೆಯ ಬೆಲೆಯೆಂದು ಲೆಕ್ಕ ಬರೆದುಕೊಂಡಂತಾಯಿತು.

2023ರಲ್ಲಿ ಮ್ಯಾಸಚೂಸೆಟ್ಸ್ ಶಾಸನಸಭೆಗೆ ಬಂದ ಮಸೂದೆ ಇನ್ನೂ ಮುಂದೆ ಹೋಯಿತು. ಅಂಗವನ್ನೋ ಅಸ್ಥಿಮಜ್ಜೆಯನ್ನೋ ಕೊಟ್ಟ ಕೈದಿಗೆ ಶಿಕ್ಷೆಯಲ್ಲಿ 60ರಿಂದ 365 ದಿನಗಳವರೆಗೆ ಕಡಿತ. ಟೀಕೆ ಬಂತು, ಅದು ಕಾನೂನಾಗಲಿಲ್ಲ. ಒಳ್ಳೆಯದೇ ಆಯಿತು. ಹಣಕ್ಕೆ ಮೂತ್ರಪಿಂಡ ಮಾರುವುದು ಅಪರಾಧವೆಂದ ಮೇಲೆ ದಿನಗಳಿಗೆ ಮಾರುವುದು ದಾನ ಹೇಗಾದೀತು? ಒಳಗಿರುವವನಿಗೆ ಒಂದು ದಿನದ ಬೆಲೆ ಎಷ್ಟೆಂಬುದು, ಹೊರಗೆ ಹರಟೆಯಲ್ಲಿ ಹೊತ್ತು ಕಳೆಯುವ ನಮಗೆ ತಿಳಿಯದು. ಚೀನಾದ ಮಾತಂತೂ ಬೇರೆಯೇ: ಮರಣದಂಡನೆಗೆ ಗುರಿಯಾದವರ ಅಂಗಗಳನ್ನು ಬಳಸುತ್ತಿದ್ದುದನ್ನು ಅಲ್ಲಿನ ಆರೋಗ್ಯ ಉಪಮಂತ್ರಿಯೇ 2005ರಲ್ಲಿ ಒಪ್ಪಿಕೊಂಡರು, 2015ರಿಂದ ನಿಲ್ಲಿಸುವೆವೆಂದು ಘೋಷಣೆಯೂ ಆಯಿತು.

ಇಷ್ಟರಿಂದಲೇ, ಸೆರೆಯಾಳು ಏನನ್ನೂ ಕೊಡಕೂಡದೆಂದು ತೀರ್ಮಾನಿಸುವ ಮಿತ್ರರಿದ್ದಾರೆ. ನಾನು ಒಪ್ಪಲಾರೆ. ಮಗ ಆಸ್ಪತ್ರೆಯಲ್ಲಿ ಮಲಗಿರುವಾಗ ಒಳಗಿರುವ ತಾಯಿಗೆ "ನೀನು ಅಪರಾಧಿ, ಕೊಡಬೇಡ" ಎನ್ನುವುದು ನ್ಯಾಯಾಲಯ ವಿಧಿಸದ ಇನ್ನೊಂದು ಶಿಕ್ಷೆ. ಅಮೆರಿಕದ ಕೇಂದ್ರ ಸರ್ಕಾರದ ಸೆರೆಮನೆಗಳಲ್ಲಿ ಹತ್ತಿರದ ಬಂಧುಗಳಿಗೆ ಕೊಡಲು ಅವಕಾಶವಿದೆ. ರೋಗದ ಭಯವೆನ್ನುವಿರೋ? ರಕ್ತಪರೀಕ್ಷೆ ಹೊರಗಿನ ದಾನಿಗಳಿಗೂ ತಪ್ಪಿದ್ದಲ್ಲ.

ನಮ್ಮ ದೇಶದ 1994ರ ಮಾನವ ಅಂಗಾಂಗ ಕಸಿ ಕಾಯಿದೆ ಮಾರಾಟವನ್ನು ನಿಷೇಧಿಸಿ, ಹತ್ತಿರದ ಬಂಧುಗಳ ದಾನಕ್ಕೆ ದಾರಿ ಬಿಟ್ಟಿದೆ. ಅದರ 5ನೆಯ ಕಲಮು ಓದತಕ್ಕದ್ದು. ಸೆರೆಮನೆಯಲ್ಲಿರುವ ಶವವನ್ನು 48 ಗಂಟೆಗಳೊಳಗೆ ಬಂಧುಗಳು ಕೇಳದಿದ್ದರೆ, ಅಂಗ ತೆಗೆಯಲು ಸೆರೆಮನೆಯ ಅಧಿಕಾರಿ ಅನುಮತಿ ಕೊಡಬಹುದಂತೆ. (ಕಣ್ಣನ್ನು ಸತ್ತ ಆರು ಗಂಟೆಗಳೊಳಗೆ ತೆಗೆಯಬೇಕೆಂದು ವೈದ್ಯರು ಹೇಳುತ್ತಾರೆ, 48 ಗಂಟೆಗಳ ಮೇಲೆ ಏನು ಸಿಕ್ಕೀತೋ!) ಸತ್ತವನ ಪರವಾಗಿ ಅಧಿಕಾರಿಯ ಸಹಿ ನಡೆಯುವುದಾದರೆ, ಬದುಕಿದ್ದಾಗ ಅವನ ಸಹಿಯೇ ಏಕೆ ನಡೆಯಬಾರದು? ಕೇಳಿದ ಕೈದಿಗೆ ಮರಣೋತ್ತರ ದಾನದ ಪತ್ರ ಸಿಗಲಿ. ಬದುಕಿರುವಾಗಲೇ ಬಂಧುವಿಗೆ ಕೊಡುವೆನೆಂದರೆ, ಹೊರಗಿನ ವೈದ್ಯರು ಜೈಲಿನವರು ಯಾರೂ ಇಲ್ಲದ ಕೋಣೆಯಲ್ಲಿ ಅವನ ಮಾತು ಕೇಳಲಿ; ಕೊಟ್ಟ ಸಂಗತಿ ಶಿಕ್ಷೆ ಇಳಿಸುವ ಸಮಿತಿಯ ಕಡತಕ್ಕೆ ಹೋಗದಿರಲಿ.