ಯೀಸ್ಟ್ ಗೆದ್ದಿತು, ಕಾರ್ಖಾನೆ ಸೋತಿತು

ಸಿಂಥೆಟಿಕ್ ಬಯಾಲಜಿಯ ಭವಿಷ್ಯ ಎಂದೊಡನೆ ಜೀವವನ್ನೇ ಬರೆಯುವ ಬೆರಗು, ಅದು ಕೈಮೀರುವ ಭಯ, ಇವೆರಡರ ಮಾತೇ ಹೆಚ್ಚು. ಭಯ ಪೊಳ್ಳೇನಲ್ಲ. ಆದರೆ ಈ ಸಂಶೋಧನೆ ತನ್ನ ಹೆಮ್ಮೆಯ ಯೋಜನೆಯಲ್ಲೇ ಮುಗ್ಗರಿಸಿದ್ದು ಮಾರುಕಟ್ಟೆಯಲ್ಲಿ.

ಮಲೇರಿಯಾದ ಮದ್ದು ಆರ್ಟೆಮಿಸಿನಿನ್ ಸಿಗುವುದು ಒಂದು ಗಿಡದಿಂದ. ಚೀನಾ, ವಿಯೆಟ್ನಾಂ, ಪೂರ್ವ ಆಫ್ರಿಕಾದ ರೈತರು ಅದನ್ನು ಬೆಳೆಯುತ್ತಾರೆ. ನಮ್ಮ ಈರುಳ್ಳಿಯ ಹಾಗೆ ಅದರ ಬೆಲೆಯೂ ಒಮ್ಮೆ ಏರಿದರೆ ಇನ್ನೊಮ್ಮೆ ನೆಲಕಚ್ಚುತ್ತದೆ. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ವಿಜ್ಞಾನಿ ಜೇ ಕೀಸ್ಲಿಂಗ್ ಅವರ ತಂಡ ಗಿಡದ ಜೀನ್‌ಗಳನ್ನು ಯೀಸ್ಟ್‌ಗೆ ಸೇರಿಸಿ, ಮದ್ದಿನ ಮೂಲವಸ್ತುವನ್ನು ತೊಟ್ಟಿಯಲ್ಲೇ ತಯಾರಿಸಲು ಹೊರಟಿತು. 2004ರಲ್ಲಿ ಗೇಟ್ಸ್ ಪ್ರತಿಷ್ಠಾನ ಇದಕ್ಕೆ 4.26 ಕೋಟಿ ಡಾಲರ್ ಕೊಟ್ಟಿತು. 2013ರಲ್ಲಿ ಸನೋಫಿ ಕಂಪನಿ ಇಟಲಿಯ ಗರೆಸ್ಸಿಯೊದಲ್ಲಿ ಉತ್ಪಾದನೆ ಶುರುಮಾಡಿತು. ವಿಜ್ಞಾನದಲ್ಲಿ ಕೊರತೆ ಇರಲಿಲ್ಲ. ಆದರೆ ಹಿಂದಿನ ಬೆಲೆ ನೋಡಿ ರೈತರು ಹೆಚ್ಚು ಬಿತ್ತಿದ್ದರು. ಗಿಡದ ಆರ್ಟೆಮಿಸಿನಿನ್ ಕಿಲೋಗೆ 250 ಡಾಲರಿಗಿಂತ ಕೆಳಗಿಳಿಯಿತು. ಲಾಭವಿಲ್ಲದೆ ಮಾರುತ್ತೇವೆಂದರೂ ಯೀಸ್ಟಿನದು 350ರಿಂದ 400. 2015ರಲ್ಲಿ ಗರೆಸ್ಸಿಯೊದಿಂದ ಒಂದು ಗ್ರಾಂ ಆರ್ಟೆಮಿಸಿನಿನ್ ಕೂಡ ಹೊರಬರಲಿಲ್ಲ. ಆಮೇಲೆ ಕಾರ್ಖಾನೆಯನ್ನೇ ಮಾರಿದರು.

ಹಾಗಾದರೆ 1982ರಲ್ಲಿ ಮಾರುಕಟ್ಟೆಗೆ ಬಂದ ಬ್ಯಾಕ್ಟೀರಿಯಾದಿಂದ ತಯಾರಿಸಿದ ಇನ್ಸುಲಿನ್ ಗೆದ್ದದ್ದು ಹೇಗೆ? ಅದಕ್ಕೆ ಮೊದಲು ಇನ್ಸುಲಿನ್ ಬರುತ್ತಿದ್ದದ್ದು ಕಸಾಯಿಖಾನೆಯ ಹಂದಿ, ದನಗಳ ಗ್ರಂಥಿಗಳಿಂದ. ಹೊಸದು ಬಂದಾಗ ಯಾವ ಬೆಳೆಗಾರನ ಹೊಟ್ಟೆಯ ಮೇಲೂ ಹೊಡೆತ ಬೀಳಲಿಲ್ಲ. ಬೆಲೆಯಲ್ಲಿ ಪೈಪೋಟಿಗೆ ನಿಲ್ಲುವ ಬೆಳೆಯೂ ಇರಲಿಲ್ಲ.

ಶ್ರೀಗಂಧದ ಕತೆ ಹಾಗಲ್ಲ, ಅದಕ್ಕೆ ಬೆಳೆಗಾರರಿದ್ದಾರೆ. ಸ್ವಂತ ಹೊಲದಲ್ಲಿ ಬೆಳೆದ ಗಂಧದ ಮರದ ಮೇಲೆ ಕರ್ನಾಟಕದ ರೈತನಿಗೆ ಹಕ್ಕು ಬಂದದ್ದು 2001ರ ಕಾನೂನು ತಿದ್ದುಪಡಿಯಿಂದ. ನಂಬಿ ನೆಟ್ಟವರು ಚೇಗು ಬಲಿಯಲು ಹದಿನೈದು ವರ್ಷವಾದರೂ ಕಾಯಬೇಕು. ಈ ನಡುವೆ, 2020ರಲ್ಲಿ, ಸೂಕ್ಷ್ಮಜೀವಿಗಳನ್ನು ಹುದುಗಿಸಿ ತೆಗೆದ ಸ್ಯಾಂಟಲಾಲನ್ನು ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್ ಮಾರುಕಟ್ಟೆಗೆ ತಂದಿತು. ಗಂಧದೆಣ್ಣೆಯ ಪರಿಮಳದ ಮುಖ್ಯ ಅಂಶವೇ ಅದು. ಕಾಡಿನ ಗಂಧ ಕಳ್ಳರ ಪಾಲಾಗುವುದು ಇದರಿಂದ ತಗ್ಗಿದರೆ ಒಳ್ಳೆಯದೇ, ಸಂಶೋಧನೆಗೆ ಬೇಲಿ ಹಾಕಿ ಎಂದು ನಾನು ಹೇಳುತ್ತಿಲ್ಲ. ಆದರೆ ಯೀಸ್ಟಿಗೆ ಜೀನ್ ಸೇರಿಸಲು ಹಣ ಬೇಡುವ ಅರ್ಜಿಯಲ್ಲೇ ಇನ್ನೆರಡು ಪ್ರಶ್ನೆ ಇರಲಿ: ಈ ವಸ್ತುವನ್ನು ಈಗ ಬೆಳೆಯುತ್ತಿರುವವರು ಯಾರು? ನಮ್ಮ ತೊಟ್ಟಿ ತುಂಬುವ ಹೊತ್ತಿಗೆ ಅವರು ಎಷ್ಟಕ್ಕೆ ಮಾರುತ್ತಿರುತ್ತಾರೆ? ಇದಕ್ಕೆ ಉತ್ತರ ಹುಡುಕುವ ಅರ್ಥಶಾಸ್ತ್ರಜ್ಞನಿಗೆ ಯೋಜನೆಯ ಮೊದಲ ವರ್ಷದಿಂದಲೇ ಸಂಬಳ ಕೊಡಬೇಕು.