ಕಿಟಕಿಯ ಪರದೆ ಯಾರಿಗಾಗಿ?

ದೀಪಾವಳಿ ಸಮೀಪಿಸಿತೆಂದರೆ ಮುಂಬಯಿಯ ನಮ್ಮವರ ಮನೆಗಳಲ್ಲಿ ಕಿಟಕಿಯ ಪರದೆ ಬದಲಿಸುವ ಸಂಭ್ರಮ. ಬೆಲೆಬಾಳುವ ಬಟ್ಟೆಯೆಲ್ಲ ಅತಿಥಿಗಳು ಕೂಡುವ ಹೊರಕೋಣೆಗೆ ಸಲ್ಲುತ್ತದೆ. ರಾತ್ರಿಪಾಳಿ ಮುಗಿಸಿ ಹಗಲು ನಿದ್ರಿಸಬೇಕಾದ ಮಗನ ಕೋಣೆಗೆ ಹಳೆಯ ಸೀರೆಯ ತುಂಡು! ಹೋಟೆಲು ನಡೆಸಿದ ನಮಗೆ ಮುಂಭಾಗದ ಡೌಲಿನ ಬೆಲೆ ತಿಳಿಯದುದಲ್ಲ. ಆದರೂ ಮನೆಯಲ್ಲಿ ಈ ಕ್ರಮ ತಲೆಕೆಳಗಾದುದೆಂದೇ ನಮ್ಮ ಅಭಿಪ್ರಾಯ.

ಪಶ್ಚಿಮದ ಕಿಟಕಿಯ ಪ್ರಶ್ನೆ ತುಸು ತೊಡಕಿನದು. ಈ ನಗರದಲ್ಲಿ ಅಪರಾಹ್ನದ ಬಿಸಿಲೂ ಕಡಲಗಾಳಿಯೂ ಒಂದೇ ದಿಕ್ಕಿನಿಂದ ಬರುತ್ತವೆ. ಒಳಗೆ ಮಖಮಲ್ಲು ಇಳಿಬಿಟ್ಟರೆ ಗಾಳಿ ನಿಲ್ಲುತ್ತದೆ. ಗಾಜನ್ನು ದಾಟಿ ಬಂದ ಶಾಖವೋ ಕೋಣೆಯಲ್ಲಿಯೇ ಉಳಿಯುತ್ತದೆ. ಹೊರಗಡೆ ಬಿದಿರುಕಡ್ಡಿಯ ತಟ್ಟಿ ಕಟ್ಟಿದರೆ (ಸೊಸಾಯಿಟಿಯವರು ಒಪ್ಪಬೇಕಷ್ಟೆ) ಬಿಸಿಲು ಅಲ್ಲಿಯೇ ತಡೆದು, ಗಾಳಿ ಸಂದುಗಳಿಂದ ಸುಳಿಯುತ್ತದೆ. ಜೂನಿನಿಂದ ಸೆಪ್ಟೆಂಬರವರೆಗಿನ ಮಳೆಯಲ್ಲಿ ದಪ್ಪ ಬಟ್ಟೆಗೆ ಬೂಷ್ಟು ಹಿಡಿಯುವುದನ್ನು ಗೃಹಿಣಿಯರಿಗೆ ಹೇಳಬೇಕಾಗಿಲ್ಲ. ಒಲೆಯ ಬಳಿಯಂತೂ ಬಟ್ಟೆಯೇ ಬೇಡ.

ಎಲ್ಲಕ್ಕಿಂತ ಗಂಭೀರವಾದ ವಿಷಯ, ಹಗ್ಗ ಎಳೆದು ಏರಿಳಿಸುವ ಬ್ಲೈಂಡುಗಳದು. ತೂಗಾಡುವ ಕುಣಿಕೆಗೆ ಕೊರಳು ಸಿಕ್ಕಿ ಹಸುಳೆಗಳು ಪ್ರಾಣ ಕಳೆದುಕೊಂಡ ಪ್ರಸಂಗಗಳು ಅಮೇರಿಕೆಯಲ್ಲಿ ನಡೆದು, ಅಂಗಡಿಯಲ್ಲಿ ಮಾರುವ ಸಿದ್ಧ ಬ್ಲೈಂಡುಗಳಲ್ಲಿ ಹಗ್ಗವಿರಬಾರದು, ಇದ್ದರೂ ಮಕ್ಕಳ ಕೈಗೆ ಎಟುಕಬಾರದು ಎಂಬ ಮಾನದಂಡ 2018ರಲ್ಲಿ ಅಲ್ಲಿ ಬಂದಿತು. ಮಕ್ಕಳಿರುವವರು ಬಣ್ಣಕ್ಕಿಂತ ಮೊದಲು ಹಗ್ಗವನ್ನು ನೋಡಲಿ. ಈಗಾಗಲೇ ತೂಗುಹಾಕಿದ್ದರೆ ಅದನ್ನು ಎತ್ತರದಲ್ಲಿ ಗೋಡೆಗೆ ಬಿಗಿದು, ತೊಟ್ಟಿಲನ್ನು ಇಂದೇ ಕಿಟಕಿಯಿಂದ ದೂರ ಸರಿಸಲಿ.