ಬಸ್ ಹತ್ತುವ ಮುನ್ನ ಮೂರು ಸಲ

ಸೂರತ್‌ನ ಅಡಾಜಣ್‌ನಲ್ಲಿರುವ ನಮ್ಮ ಮನೆಯಿಂದ ಹಜೀರಾದ ಕಾರ್ಖಾನೆಗೆ ಕಂಪನಿ ಬಸ್ಸಿನಲ್ಲಿ ಮುಕ್ಕಾಲು ಗಂಟೆ. ಉಳಿದವರು ಆ ಹೊತ್ತಿನಲ್ಲಿ ಒಂದು ನಿದ್ದೆ ತೆಗೆಯುತ್ತಾರೆ. ನಾನು ಪೆಟ್ರೋಲ್ ಬಂಕ್‌ಗಳನ್ನು ಎಣಿಸುತ್ತೇನೆ. ಯಾವುದರಲ್ಲಿ ಶೌಚಾಲಯ ತೆರೆದಿರುತ್ತದೆ, ಯಾವುದಕ್ಕೆ ಬೀಗ ಎಂಬುದು ನನಗೆ ಬಾಯಿಪಾಠ.

ನನಗಿರುವುದು ಅಲ್ಸರೇಟಿವ್ ಕೊಲೈಟಿಸ್. ದೊಡ್ಡ ಕರುಳಿನ ಒಳಪದರ ಉರಿಯೂತದಿಂದ ಹುಣ್ಣಾಗಿ ರಕ್ತಭೇದಿ ಆಗುವ ಕಾಯಿಲೆ. ಇದನ್ನೂ ಕ್ರೋನ್ಸ್ ಕಾಯಿಲೆಯನ್ನೂ ಸೇರಿಸಿ ಐಬಿಡಿ ಎನ್ನುತ್ತಾರೆ. ಇದು ಅಂಟುವುದಿಲ್ಲ. ಔಷಧದಿಂದ ಹತೋಟಿಗೆ ಬರುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದು ಮತ್ತೆ ಕೆರಳುತ್ತದೆ.

ಇದು ಗೊತ್ತಾಗಲು ನನಗೆ ಒಂದೂವರೆ ವರ್ಷ ಬೇಕಾಯಿತು. ಮೊದಲು ಮೂಲವ್ಯಾಧಿ ಅಂದುಕೊಂಡೆ. ಆಮೇಲೆ ಆಮಶಂಕೆಯ ಮಾತ್ರೆ ನುಂಗಿದೆ. ಹಾವೇರಿಯಿಂದ ಅವ್ವ ಫೋನಿನಲ್ಲಿ ‘ಹೊರಗಿಂದು ತಿನಬ್ಯಾಡಪ್ಪಾ, ಮಜ್ಜಿಗಿ ಕುಡಿ’ ಅನ್ನುತ್ತಿದ್ದಳು. ರಕ್ತ ಹೋಗುತ್ತಿದೆ ಎಂದು ಅವಳಿಗೆ ಹೇಳಿರಲಿಲ್ಲ. ಕೊನೆಗೆ ಕೊಲೊನೋಸ್ಕೋಪಿ, ಬಯಾಪ್ಸಿ ಮಾಡಿಸಿದಾಗಲೇ ಕಾಯಿಲೆಯ ಹೆಸರು ತಿಳಿದದ್ದು.

ಹೊಟ್ಟೆನೋವನ್ನು ಹೇಗೋ ತಡೆದುಕೊಳ್ಳಬಹುದು. ಪಾಳಿಯಲ್ಲಿ ಐದನೇ ಸಲ ಎದ್ದಾಗ ‘ಮತ್ತೆ ಹೊರಟೆಯಾ?’ ಎಂದು ಬೀಳುವ ನಗುವನ್ನು ತಡೆದುಕೊಳ್ಳುವುದು ಕಷ್ಟ. ಆ ನಗುವಿಗೆ ಹೆದರಿ ಮಧ್ಯಾಹ್ನದ ಊಟ ಬಿಟ್ಟೆ, ನೀರೂ ಕಡಿಮೆ ಮಾಡಿದೆ. ಮೇ ತಿಂಗಳ ಒಂದು ಪಾಳಿಯಲ್ಲಿ ತಲೆಸುತ್ತಿ ಬಿದ್ದೆ. ರೈಲು ಪ್ರಯಾಣಕ್ಕೆ ಹೆದರಿ ತಂಗಿಯ ಸೀಮಂತಕ್ಕೂ ಹೋಗಲಿಲ್ಲ. ರಜೆ ಸಿಗಲಿಲ್ಲ ಎಂದು ಸುಳ್ಳು ಹೇಳಿದೆ. ನನ್ನನ್ನು ಹೆಚ್ಚು ಸವೆಸಿದ್ದು ಕಾಯಿಲೆಗಿಂತ ಈ ಮುಚ್ಚುಮರೆ.

ಜಪಾನಿನ ಪ್ರಧಾನಿಯಾಗಿದ್ದ ಶಿಂಜೊ ಅಬೆ 2020ರ ಆಗಸ್ಟ್‌ನಲ್ಲಿ ಇದೇ ಕಾಯಿಲೆಯ ಹೆಸರು ಹೇಳಿಯೇ ರಾಜೀನಾಮೆ ಘೋಷಿಸಿದರು. ಪ್ರಧಾನಿ ದೇಶದ ಮುಂದೆ ಹೇಳಿದ್ದನ್ನು ನಾನು ಪಾಳಿಯ ಮೇಲಧಿಕಾರಿಗೆ ಹೇಳಲು ಎರಡು ವರ್ಷ ತೆಗೆದುಕೊಂಡೆ. ಹೇಳಿದ ವಾರವೇ ಅವರು ಶೌಚಾಲಯಕ್ಕೆ ಹತ್ತಿರದ ಕೊಠಡಿಗೆ ನನ್ನ ಕೆಲಸ ಬದಲಿಸಿದರು. ಕಂಪನಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ.

ಆದರೆ ಇದು ಒಬ್ಬರ ಒಳ್ಳೆಯತನಕ್ಕೆ ಬಿಟ್ಟ ವಿಷಯ ಆಗಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿರುವ 21 ಬಗೆಯ ವೈಕಲ್ಯಗಳಲ್ಲಿ ಐಬಿಡಿ ಇಲ್ಲ. ಕೆಲಸಗಾರರಿಗೆ ಶೌಚಾಲಯ ಎಲ್ಲ ವೇಳೆಯಲ್ಲೂ ಸಿಗುವಂತಿರಬೇಕೆಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ನಾವು ಕೇಳುವುದು ಅಷ್ಟೇ: ಪ್ರಶ್ನೆ ಕೇಳದೆ ಎದ್ದು ಹೋಗಲು ಬಿಡಿ, ಕಾಯಿಲೆ ಕೆರಳಿದ ದಿನಗಳಲ್ಲಿ ಪಾಳಿ ಬದಲಿಸಿ ಕೊಡಿ.

ಹೊರನಾಡಿನ ಗೆಳೆಯರಿಗೆ ಒಂದು ಮಾತು. ಪರಭಾಷೆಯಲ್ಲಿ ಡಾಕ್ಟರ ಮುಂದೆ ಮಲದ ವಿಷಯ ಮಾತಾಡಲು ನಾಚಿಕೆ ಆಗುತ್ತದೆ, ನನಗೂ ಆಗಿತ್ತು. ಆದರೆ ರಕ್ತ ಕಂಡರೆ, ಭೇದಿ ವಾರಗಟ್ಟಲೆ ನಿಲ್ಲದಿದ್ದರೆ, ಮೆಡಿಕಲ್ ಶಾಪಿನ ಮಾತ್ರೆಯಲ್ಲಿ ದಿನ ತಳ್ಳಬೇಡಿ. ಮನೆಯವರಿಗೂ ಹೇಳಿ.

ಅವ್ವನಿಗೆ ನಾನು ಈಗ ಎಲ್ಲ ಹೇಳಿದ್ದೇನೆ. ಫೋನ್ ಎತ್ತಿದ ಕೂಡಲೇ ‘ಇವತ್ತು ಎಷ್ಟು ಸಲ ಆತು?’ ಎಂದು ಕೇಳುತ್ತಾಳೆ. ಹಾಗೆ ಕೇಳುವವರು ಒಬ್ಬರಿದ್ದರೂ ಅರ್ಧ ಭಾರ ಇಳಿಯುತ್ತದೆ.